ವೇಳಾಪತ್ರಿಕೆಯಲ್ಲಿ ದಾರಿಗೂ ಜಾಗ ಕೊಟ್ಟ ಮಾಸ್ತರರು

ಶಾಲೆಯೆಂದರೆ ಪಾಠ ಹೇಳುವವರು, ಪಾಠ ಕೇಳುವವರು, ನಡುವೆ ಒಂದು ಕರಿಹಲಗೆ ಎಂದು ತಿಳಿದವರೇ ಹೆಚ್ಚು. ಯಾವ ಪಾಠ ಯಾವ ಹೊತ್ತಿಗೆ ಇರಬೇಕು, ಆ ಹೊತ್ತಿಗೆ ಮಗುವಿನ ಹೊಟ್ಟೆ ತುಂಬಿರುತ್ತದೆಯೋ ಇಲ್ಲವೋ, ಬಿಟ್ಟ ಮೇಲೆ ಅದು ಬೆಳಕಿರುವಾಗಲೇ ಮನೆ ಮುಟ್ಟುತ್ತದೆಯೋ ಇಲ್ಲವೋ ಎಂದು ಕೂತು ಹೊಂದಿಸುವುದೂ ವಿದ್ಯಾದಾನದ ಒಂದು ಭಾಗವೆಂದು ಅರಿತವರು ವಿರಳ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ತಾಲೂಕುಗಳ ಶಾಲೆಗಳಲ್ಲಿ ಮೂರು ದಶಕಗಳಿಗೂ ಮಿಕ್ಕಿ ಸೇವೆ ಸಲ್ಲಿಸಿ, ಈ ಡಿಸೆಂಬರದ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀ ಬಸಂತರಾಯ ನಾಟೀಕಾರ ಮಾಸ್ತರರು ಆ ವಿರಳರಲ್ಲಿ ಒಬ್ಬರು. ಅವರ ಗಣಿತ ಪಾಠದ ಸೊಗಸನ್ನು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಅವರ ವೇಳಾಪತ್ರಿಕೆಯನ್ನು ಕುರಿತು ನಾಲ್ಕು ಮಾತು ಹೇಳುವ ಭಾಗ್ಯ ಯಂಕಂಚಿ ದಾರಿಯ ವಸ್ತಿಯ ತಾಯಂದಿರ ಪಾಲಿಗೆ ಬಂದಿದೆ.

ಬಾಗೇವಾಡಿ ಸೀಮೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮಾಸ್ತರರು ಮೊದಲು ಸೇವೆಗೆ ಸೇರಿದ್ದು ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಶುಕ್ರವಾರ ನಡುಹೊತ್ತಿನಲ್ಲಿ ತರಗತಿಯ ಅರ್ಧ ಹುಡುಗರು ನಮಾಜಿಗೆ ಹೋಗುತ್ತಿದ್ದರು. ಮರಳಿ ಬರುವಷ್ಟರಲ್ಲಿ ಹಲಗೆಯ ಮೇಲಿನ ಲೆಕ್ಕ ಅವರನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು. ಮಾಸ್ತರರು ಶುಕ್ರವಾರದ ಊಟದ ಬಿಡುವನ್ನು ಎಲ್ಲರಿಗೂ ಉದ್ದ ಮಾಡಿ, ಕಳೆದ ಹೊತ್ತನ್ನು ಮುಂಜಾನೆ ಬೇಗ ಗಂಟೆ ಬಾರಿಸಿ ತುಂಬಿಕೊಂಡರು. “ಬಸಂತರಾಯರ, ಸಾಲಿಗೆ ಗಡಿಯಾರ ಕಟ್ಟೀರೋ, ಗಡಿಯಾರಕ್ಕ ಸಾಲಿ ಕಟ್ಟೀರೋ?” ಎಂದು ಜೊತೆಯ ಮಾಸ್ತರರು ಚಾಷ್ಟಿ ಮಾಡಿದರಂತೆ. “ಹುಡುಗರಿಗೆ ಎರಡೂ ಕಟ್ಟೇನಿ,” ಎಂದು ಇವರ ಉತ್ತರ. ಮುಂದೆ ಮುದ್ದೇಬಿಹಾಳಕ್ಕೆ ವರ್ಗವಾದಾಗ, ತಾಳಿಕೋಟೆ ಬಸ್ಸು ತಡವಾದ ದಿನ ಅದರಲ್ಲಿ ಬರುವ ಮಕ್ಕಳಿಗೆ ಗಣಿತ ತಪ್ಪಬಾರದೆಂದು ಮೊದಲ ತಾಸನ್ನು ಚಿತ್ರಕಲೆಗೆ ಬಿಟ್ಟುಕೊಟ್ಟರು. ಗಣಿತದವರು ಮೊದಲ ತಾಸು ಬಿಟ್ಟುಕೊಡುವುದೆಂದರೆ ಮನೆಯ ಹಿರಿಯ ಸೊಸೆ ಒಲೆ ಬಿಟ್ಟುಕೊಟ್ಟ ಹಾಗೆ. ಅವರು ನಗುನಗುತ್ತಲೇ ಬಿಟ್ಟುಕೊಟ್ಟರು.

ಅವರು ಸಿಂದಗಿಯ ಸರಕಾರಿ ಮಾಧ್ಯಮಿಕ ಶಾಲೆಗೆ ಮುಖ್ಯಾಧ್ಯಾಪಕರಾಗಿ ಬಂದದ್ದು ೧೯೭೪ರಲ್ಲಿ. ಆಗ ಈ ಊರಿನಲ್ಲಿ ಕಥೋಲಿಕ ಮನೆಗಳು ಬೆರಳೆಣಿಕೆಯಷ್ಟು. ಒಂದು ದವಾಖಾನೆಯ ಕಂಪೌಂಡರರದು, ಮತ್ತೊಂದೆರಡು ರಸ್ತೆ ಕೆಲಸದವರವು, ಉಳಿದವು ಊರಿಂದ ಹರದಾರಿ ದೂರದ ಇದೇ ಯಂಕಂಚಿ ದಾರಿಯ ವಸ್ತಿಯಲ್ಲಿ. ವಸ್ತಿಯ ಹುಡುಗಿಯರು, ಅವರು ಯಾರ ಮನೆಯವರೇ ಆಗಿರಲಿ, ಒಂದೇ ಸಾಲಾಗಿ ಶಾಲೆಗೆ ಹೋಗಿ ಒಂದೇ ಸಾಲಾಗಿ ಬರುತ್ತಿದ್ದರು.

ಕಥೋಲಿಕ ಮನೆಗಳ ಮಕ್ಕಳಿಗೆ ವಾರಕ್ಕೊಮ್ಮೆ ಜ್ಞಾನೋಪದೇಶ, ಅಂದರೆ ಅವರ ಧರ್ಮದ ಪಾಠ, ಹೇಳಲು ವಿಜಾಪುರದ ಕಾನ್ವೆಂಟಿನಿಂದ ಸಿಸ್ಟರ್ ಬೆನೆಡಿಕ್ಟಾ ಬಸ್ಸಿನಲ್ಲಿ ಬರುತ್ತಿದ್ದರು. ಮಂಗಳೂರು ಕಡೆಯವರು, ಮಾತು ಪುಸ್ತಕದ್ದು, ಮನಸ್ಸು ಬೆಣ್ಣೆಯದು. ಭಾನುವಾರ ಬಂದರೆ ಒಂದು ಮಗುವೂ ಸಿಗುತ್ತಿರಲಿಲ್ಲ. ಒಂದು ದಿನ ಅವರು ಮಾಸ್ತರರ ಬಳಿ ಬಂದು ಕುಳಿತರು.

“ಮಾಸ್ತರರೇ, ಭಾನುವಾರ ಬಂದರೆ ನನ್ನ ವಿದ್ಯಾರ್ಥಿಗಳೆಲ್ಲ ಸಂತೆಯಲ್ಲಿ ಬದನೆಕಾಯಿ ಮಾರುತ್ತಾ ಕುಳಿತಿರುತ್ತಾರೆ.”

“ಐತವಾರ ನಿಮಗ ದೇವರ ದಿನ, ನಮ್ಮ ಮಂದಿಗೆ ಸಂತಿ ದಿನರಿ ಸಿಸ್ಟರ. ನಿಮ್ಮ ದೇವರು ಕ್ಷಮಾ ಮಾಡ್ಯಾನು, ಬದನಿಕಾಯಿ ತಡಿಯೂದಿಲ್ಲ,” ಎಂದರು ಮಾಸ್ತರರು.

ಸರಕಾರಿ ಶಾಲೆಯ ಛಾವಣಿಯ ಕೆಳಗೆ ಯಾವ ಧರ್ಮದ ಪಾಠವೂ ಸಲ್ಲದು. ಆ ನಿಯಮವನ್ನು ಮಾಸ್ತರರು ಎಂದೂ ಸಡಿಲಿಸಲಿಲ್ಲ. ಆದರೆ ಶಾಲೆಯ ಹೊತ್ತು ಬಲ್ಲವರು ಶಾಲೆಯ ಹೊರಗಿನ ಹೊತ್ತನ್ನೂ ಬಲ್ಲರು. ಶನಿವಾರ ಮುಂಜಾನೆಯ ಶಾಲೆ. ಬಿಟ್ಟ ಮೇಲೆ ಮಕ್ಕಳು ಊರಾಚೆಯ ಕಂಪೌಂಡರರ ಮನೆಯ ಪಡಸಾಲೆಗೆ ಹೋಗುವುದು, ಅಷ್ಟರಲ್ಲಿ ಸಿಸ್ಟರರ ಬಸ್ಸು ಬರುವುದು, ಅವರ ಊಟವಾಗುವುದು, ಪಾಠ ಮುಗಿದು ಮಕ್ಕಳು ವಸ್ತಿಗೆ, ಸಿಸ್ಟರ್ ವಿಜಾಪುರಕ್ಕೆ. ೧೯೭೫ರ ಜೂನಿನಿಂದ ಹೀಗೆ ನಡೆಯಿತು. ಮಳೆಗಾಲವೆಲ್ಲ ಚೆನ್ನಾಗಿಯೇ ನಡೆಯಿತು.

ದೀಪಾವಳಿ ಕಳೆದ ಮೇಲೆ ಹುಡುಗಿಯರು ಒಬ್ಬೊಬ್ಬರಾಗಿ ಪಾಠಕ್ಕೆ ಬರುವುದನ್ನು ನಿಲ್ಲಿಸಿದರು. ಮೊದಲು ಚಿಕ್ಕವರು, ಆಮೇಲೆ ದೊಡ್ಡವರು, ಕೊನೆಗೆ ಏಳನೆಯ ಇಯತ್ತೆಯ ತೆರೇಜಾ. ಪಡಸಾಲೆಯಲ್ಲಿ ಹುಡುಗರು ಮಾತ್ರ ಉಳಿದರು. ಬರುವ ಈಸ್ಟರ್ ಹಬ್ಬದ ನಂತರ ಬಿಷಪ್ಪರು ಬಂದು ಮಕ್ಕಳಿಗೆ ವಿಶ್ವಾಸವನ್ನು ಗಟ್ಟಿಗೊಳಿಸುವ ದೃಢೀಕರಣ ಸಂಸ್ಕಾರ ಕೊಡುವವರಿದ್ದರು. ಉಪದೇಶ ಪೂರ್ತಿ ಕಲಿಯದ ಮಗುವನ್ನು ಅವರ ಮುಂದೆ ನಿಲ್ಲಿಸುವಂತಿರಲಿಲ್ಲ. ಮತ್ತೆ ಬಿಷಪ್ಪರು ಈ ಕಡೆ ಎಂದು ಬರುವರೋ ತಿಳಿಯದು. ಏಳನೆಯದು ಮುಗಿದೊಡನೆ ಶಾಲೆ ಬಿಟ್ಟು, ವರ್ಷ ಎರಡು ವರ್ಷದಲ್ಲಿ ಯಾವ ದೂರದ ಊರಿಗೋ ಸೊಸೆಯಾಗಿ ಹೋಗುವ ಹುಡುಗಿಗೆ ಈ ಸಲ ತಪ್ಪಿತೆಂದರೆ ತಪ್ಪಿಯೇ ಹೋಯಿತು. ಸಿಸ್ಟರ್ ಕಣ್ಣೊರೆಸಿಕೊಂಡರು. ಮಾಸ್ತರರಿಗೆ ತಾಯಂದಿರ ಮೇಲೆ ಸಿಟ್ಟು ಬಂತು. ಜವಾನ ಬಂದಗಿಸಾಬರನ್ನು ಕಳಿಸಿ, ತೆರೇಜಾಳ ತಾಯಿ ಸುಂದರವ್ವನನ್ನು ಕರೆಸಿದರು. ಹೊಲದಿಂದ ನೇರವಾಗಿ ಬಂದ ಆಕೆಯ ಸೊಂಟದಲ್ಲಿ ಕುಡಗೋಲು ಇನ್ನೂ ಹಾಗೆಯೇ ಇತ್ತು.

“ಯಾಕವ್ವಾ ಸುಂದರವ್ವ, ಹುಡುಗಿನ್ನ ಯಾಕ ಕಳಸವಲ್ಲಿ? ಸಿಸ್ಟರು ಅಷ್ಟು ದೂರಲಿಂದ ಬರತಾರ.”

“ಕಳಸಬಾರದಂತ ಅಲ್ರಿ ಸರ. ಜ್ವಾಳ ಆಳೆತ್ತರ ನಿಂತಾವ. ಸಾಲಿ ಬಿಟ್ಟ ಕೂಡಲೆ ನಮ್ಮಕಿ ಗೆಳತಿ ಚನ್ನವ್ವ, ಉಪದೇಶ ಇಲ್ಲದ ಉಳದ ಹುಡಗೀರು ಎಲ್ಲಾ ಬಂದಬಿಡತಾರ. ಅವರ ಅವ್ವಂದಿರು ಹೊಲಕ್ಕ ಬುತ್ತಿ ಕಳಸಾಕ ದಾರಿ ನೋಡತಿರತಾರ, ಅವರು ನಿಲ್ಲಾಂಗಿಲ್ಲ. ನಮ್ಮಕಿ ಹಿಂದಿಂದ ಒಬ್ಬಾಕಿ ಬರಬೇಕು.”

“ಹುಡುಗರು ಇರತಾರಲ್ಲ ಜೋಡಿ?”

“ಹುಡುಗರು ದಾರಿ ಹಿಡದು ಬರತಾವೇನ್ರಿ? ಬಾರಿ ಹಣ್ಣಿನ ಗಿಡ ಕಂಡಲ್ಲಿ ನಿಂತಬಿಡತಾವ.”

ಮಾಸ್ತರರು ನಕ್ಕರು. ಸುಂದರವ್ವ ನಗಲಿಲ್ಲ. ಗೋಡೆಗೆ ಅಂಟಿಸಿದ್ದ ವೇಳಾಪತ್ರಿಕೆಯ ಕಡೆ ಕೈ ಮಾಡಿ, “ನಿಮ್ಮ ಟೈಮ್‌ಟೇಬಲ್‌ನ್ಯಾಗ ಸಾಲಿ ಐತ್ರಿ, ಬಸ್ಸ ಐತ್ರಿ, ಸಿಸ್ಟರ ಊಟನೂ ಐತ್ರಿ. ನಮ್ಮ ಹುಡಗೀರು ನಡಿಯೋ ದಾರಿ ಎಲ್ಲೈತ್ರಿ?” ಎಂದಳು.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಮಾಸ್ತರರು ಮನೆಗೂ ಹೋಗದೆ, ಛತ್ರಿ ಹಿಡಿದು ಹುಡುಗಿಯರ ಹಿಂದೆ ವಸ್ತಿಯವರೆಗೆ ನಡೆದರು. ಬಂಡಿಜಾಡಿನ ಎರಡೂ ಬದಿಗೆ ಜೋಳ. ನಾಲ್ಕು ಹೆಜ್ಜೆ ಮುಂದಿದ್ದ ಮಗುವಿನ ಜಡೆಯ ರಿಬ್ಬನ್ನು ತಿರುವಿನಲ್ಲಿ ಕಾಣದಾಯಿತು. ಮುಂದಿನವರು ಕೂಗುವುದು, ಹಿಂದಿನವರು ಓಗೊಡುವುದು, ಹೀಗೆ ದನಿಗೆ ದನಿ ಪೋಣಿಸಿಕೊಂಡು ಹುಡುಗಿಯರು ಆ ದಾರಿ ದಾಟುತ್ತಿದ್ದರು. ಮರಳುವಾಗ ಮಾಸ್ತರರು ಒಬ್ಬರೇ. ಗಾಳಿಗೆ ಗರಿ ಸರಪರ ಎಂದಾಗಲೆಲ್ಲ ತಾವೇ ತಿರುಗಿ ನೋಡಿದ್ದಾಗಿ ಬಂದಗಿಸಾಬರ ಮುಂದೆ ಹೇಳಿದರು. “ಮೀಸಿ ಬಂದ ನನಗ ಹಿಂಗಾದರ, ಆ ಕೂಸಿನ ಗತಿ ಏನೋ ಸಾಬ?”

ಹಾಗಾದರೆ ಪಾಠ ಶಾಲೆಯ ದಿನದ ಒಳಗೇ ಬರಬೇಕು, ಎಲ್ಲ ಹುಡುಗಿಯರೂ ಊರಲ್ಲಿ ಉಳಿದಿರುವ ಹೊತ್ತಿನಲ್ಲಿ. ಶಾಲೆಯ ತಾಸನ್ನೂ ಮುಟ್ಟಬಾರದು, ಶಾಲೆಯ ಕೋಣೆಯನ್ನೂ ಮುಟ್ಟಬಾರದು. ಅಂಥ ಹೊತ್ತು ವಾರದಲ್ಲಿ ಒಂದೇ ಇತ್ತು. ಇಂಡಿಯಿಂದ ಅವರು ತಮ್ಮ ಜೊತೆಗೇ ತಂದಿದ್ದ ಶುಕ್ರವಾರದ ಉದ್ದ ಬಿಡುವು. ಕಂಪೌಂಡರರ ಮನೆ ದೂರವಾಗುತ್ತಿತ್ತು. ಶಾಲೆಯ ಹಿಂಗೋಡೆಗೆ ಹತ್ತಿದ ಮನೆ ಬಂದಗಿಸಾಬರದು. ಆ ಹೊತ್ತಿಗೆ ಆ ಮನೆಯ ಗಂಡಸರೆಲ್ಲ ಮಸೀದಿಯಲ್ಲಿರುತ್ತಿದ್ದರು, ಅಂಗಳ ಖಾಲಿ. ಬಂದಗಿಸಾಬರ ಹೆಂಡತಿ ಹಜರಾಬಿಯನ್ನು ಕೇಳುವ ಕೆಲಸ ಸಿಸ್ಟರರ ಪಾಲಿಗೆ ಬಂತು. ಅವರು ಸಂಕೋಚದಿಂದ, “ನಾವು ಪ್ರಾರ್ಥನೆಯನ್ನೂ ಮಾಡುತ್ತೇವೆ, ನಿಮಗೆ ಅಭ್ಯಂತರವಿಲ್ಲವೆ?” ಎಂದರು.

“ಅಭ್ಯಂತರ ಅಂದ್ರ ಏನ್ರಿ ಅದು? ಕೋಳಿ ಒಂದಿಷ್ಟು ಕಾಲಾಗ ಬರತಾವ, ಓಡಸ್ಕೊರ್ರಿ. ಮತ್ತ ಹುಡುಗರಿಗೆ ಪೇರಲ ಗಿಡಕ್ಕ ಕೈ ಹಚ್ಚಬ್ಯಾಡ್ರಿ ಅನ್ರಿ. ನಿಮ್ಮ ಪುಸ್ತಕದಾಗ ಕಳುವು ಮಾಡಬಾರದು ಅಂತ ಐತೊ ಇಲ್ಲೊ?” ಎಂದಳು ಹಜರಾಬಿ.

“ಇದೆ, ಏಳನೆಯ ಕಟ್ಟಳೆ.”

“ಹಂಗಾರ ಅದನ್ನ ಮೊದಲ ಕಲಸ್ರಿ.”

ಆದರೆ ಸಿಸ್ಟರರಿಗೆ ಶುಕ್ರವಾರ ವಿಜಾಪುರದಲ್ಲಿ ತಮ್ಮದೇ ಶಾಲೆಯ ತಾಸುಗಳಿದ್ದವು. ಮಾಸ್ತರರು ಒಂದು ರಜೆಯ ದಿನ ವಿಜಾಪುರಕ್ಕೆ ಹೋಗಿ, ಹಿರಿಯ ಸಿಸ್ಟರರ ಮುಂದೆ ಕಾನ್ವೆಂಟ್ ಶಾಲೆಯ ವೇಳಾಪತ್ರಿಕೆಯನ್ನು ಹಾಸಿಕೊಂಡು, ಚಹಾ ಎರಡು ಸಲ ಆರಿಹೋಗುವಷ್ಟು ಹೊತ್ತು ಕೂತು, ಯಾರ ಪಾಠವೂ ಕೆಡದಂತೆ ಶುಕ್ರವಾರವನ್ನು ಬಿಡಿಸಿಕೊಂಡು ಬಂದರು. “ಇಂಥ ಜಗಳಗಂಟ ಮನುಷ್ಯನನ್ನು ದೇವರೇ ಕಳಿಸಿರಬೇಕು,” ಎಂದರಂತೆ ಆ ಹಿರಿಯ ಸಿಸ್ಟರ್.

ಊರಿನ ಒಬ್ಬಿಬ್ಬರಿಗೆ ಇದು ಹಿಡಿಸದೆ ಮೇಲಿನವರಿಗೆ ದೂರು ಹೋಯಿತು. ತಪಾಸಣೆಗೆ ಬಂದ ಸಾಹೇಬರು ಶುಕ್ರವಾರದ ಬಿಡುವು ಯಾರ ಸಲುವಾಗಿ ಎಂದು ಕೇಳಿದರು. “ಎಲ್ಲಾರ ಸಲುವಾಗಿರಿ. ಬಿಡುವಿನ್ಯಾಗ ಕೆಲವರು ಮಸೂತಿಗೆ ಹೋಗತಾರ, ಕೆಲವರು ಗೋಲಿ ಆಡತಾರ, ಕೆಲವರು ಹಜರಾಬಿ ಕೋಳಿ ಕಾಯತಾರ. ತಾಸು ಎಲ್ಲೆರೆ ಕಡಿಮಿ ಬಿದ್ದಿದ್ರ ತೋರಸ್ರಿ,” ಎಂದರು ಮಾಸ್ತರರು. ಸಾಹೇಬರು ಲೆಕ್ಕ ಹಾಕಿ ನೋಡಿದರು. ತಾಸು ಕಡಿಮೆ ಬಿದ್ದಿರಲಿಲ್ಲ. ಆ ಮಾತು ಅಲ್ಲಿಗೇ ನಿಂತಿತು.

ಹುಡುಗಿಯರು ಮರಳಿ ಬಂದರು. ತಪ್ಪಿದ ಪಾಠಗಳನ್ನು ಸಿಸ್ಟರ್ ಪೇರಲ ಗಿಡದ ನೆರಳಿನಲ್ಲಿ ಒಂದೊಂದಾಗಿ ಕೂಡಿಸಿಕೊಂಡರು. ತೆರೇಜಾ ಬಾಯಿಪಾಠ ಮಾಡುವುದನ್ನು ದಾರಿಯುದ್ದಕ್ಕೂ ಕೇಳಿ ಕೇಳಿ, ಗೆಳತಿ ಚನ್ನವ್ವನಿಗೂ ಹತ್ತು ಕಟ್ಟಳೆ ಬಾಯಿಗೆ ಬಂದವು. ತೆರೇಜಾ ಎಲ್ಲಿ ಮರೆತಳೆಂದು ತಿದ್ದುವವಳೂ ಅವಳೇ ಆದಳು. ೧೯೭೬ರ ಈಸ್ಟರ್ ಕಳೆದು ಬಿಷಪ್ಪರು ಬಂದಾಗ ವಸ್ತಿಯ ಕಥೋಲಿಕ ಹುಡುಗಿಯರೆಲ್ಲರೂ ಅವರ ಮುಂದೆ ಸಾಲಾಗಿ ನಿಂತರು. ಮಾಸ್ತರರು ಆಮಂತ್ರಣಕ್ಕೆ ಓಗೊಟ್ಟು ಬಂದು, ಚಪ್ಪರದ ಕೊನೆಯಲ್ಲಿ ರುಮಾಲು ಸರಿಪಡಿಸಿಕೊಳ್ಳುತ್ತಾ ನಿಂತಿದ್ದರು. ಸುಂದರವ್ವ ಹುಗ್ಗಿಯ ತಾಟು ಕೊಡುತ್ತಾ, “ಸರ, ಈಗ ದಾರಿ ಬಂತು ನೋಡ್ರಿ ಟೈಮ್‌ಟೇಬಲ್‌ನ್ಯಾಗ,” ಎಂದಾಗ, “ನೀ ಬರಸಿದಿ, ನಾ ಬರದೆ,” ಎಂದು ತಾಟು ತೆಗೆದುಕೊಂಡರು.

ಅಂದಿನಿಂದ ಪ್ರತಿ ಜೂನಿನಲ್ಲಿ ಹೊಸ ವೇಳಾಪತ್ರಿಕೆ ಹಾಕುವ ಮುನ್ನ ಅವರು ನಡೆದು ಬರುವ ಮಕ್ಕಳನ್ನು ಕರೆದು, ಯಾರು ಯಾರ ಜೋಡಿ, ಯಾವ ದಾರಿ ಎಂದು ಕೇಳುವುದನ್ನು ಬಿಡಲಿಲ್ಲ. ತೆರೇಜಾ ಏಳನೆಯದಕ್ಕೆ ಶಾಲೆ ಬಿಡಲಿಲ್ಲ. ಚನ್ನವ್ವ ಹೈಸ್ಕೂಲಿಗೆ ಹೋದಳು, ಜೋಡಿ ಇದೆಯೆಂದು ಇವಳೂ ಹೋದಳು. ಈಗ ಇಬ್ಬರೂ ಹತ್ತನೆಯದರಲ್ಲಿದ್ದಾರೆ. ಹಜರಾಬಿಯ ಅಂಗಳದಲ್ಲಿ ಶುಕ್ರವಾರದ ಪಾಠ ಇಂದಿಗೂ ನಡೆದಿದೆ.

ಈ ಸಂಪುಟದ ಬಿಡುಗಡೆಯನ್ನೂ ಬೀಳ್ಕೊಡುಗೆಯನ್ನೂ ಅಭಿನಂದನ ಸಮಿತಿಯವರು ಸಂಜೆ ದೀಪ ಹಚ್ಚಿದ ಮೇಲೆ, ಅತಿಥಿಗಳಿಗೆ ಅನುಕೂಲವಾಗುವಂತೆ ಇಟ್ಟುಕೊಂಡಿದ್ದರು. ಆಮಂತ್ರಣದ ಕರಡನ್ನು ತೋರಿಸಿದಾಗ ಮಾಸ್ತರರು ಮೊದಲು ಕೇಳಿದ್ದು ಒಂದೇ ಮಾತು: “ಜ್ವಾಳ ಎಷ್ಟೆತ್ತರ ಬಂದಾವ?” ಆಮೇಲೆ ತಮ್ಮ ಕೈಯಾರೆ ಹೊತ್ತನ್ನು ಹೊಡೆದು ಹಾಕಿ, ಕ್ರಿಸ್‌ಮಸ್ ಕಳೆದ ಶುಕ್ರವಾರ, ನಮಾಜಿನ ಬಿಡುವು ಮುಗಿದ ಮೇಲೆ, ಶಾಲೆ ಬಿಡುವುದರೊಳಗೆ ಎಂದು ತಿದ್ದಿದರು. ತಮ್ಮ ಸೇವೆಯ ಕೊನೆಯ ವೇಳಾಪತ್ರಿಕೆಯಲ್ಲಿಯೂ ಅವರು ಹುಡುಗಿಯರ ದಾರಿಯನ್ನು ಮರೆಯಲಿಲ್ಲ.

ಮಾಸ್ತರರು ಆರೋಗ್ಯವಾಗಿ ನೂರು ವರ್ಷ ಬಾಳಲಿ. ಗಂಟೆಯ ಹಂಗಿಲ್ಲದ ಈ ಮುಂದಿನ ದಿನಗಳಲ್ಲಿಯೂ ಊರಿನ ಮಕ್ಕಳಿಗೆ ಅವರ ಲೆಕ್ಕ, ಅವರ ನಗೆ ದೊರೆಯುತ್ತಲೇ ಇರಲಿ. ವಸ್ತಿಯ ಒಲೆಗಳ ಮೇಲೆ ಅವರ ಪಾಲಿನ ರೊಟ್ಟಿ ಯಾವಾಗಲೂ ಇದೆ. ಬರುವಾಗ ಒಬ್ಬರೇ ಬರುವುದು ಬೇಡ, ಜೋಳ ಎತ್ತರ ನಿಂತಿದೆ. ಶಾಲೆ ಬಿಡುವ ಹೊತ್ತಿಗೆ ಬಾಗಿಲ ಬಳಿ ನಿಂತರೆ ಸಾಕು. ಹುಡುಗಿಯರು ಜೊತೆಗೆ ಕರೆದುಕೊಂಡು ಬರುತ್ತಾರೆ.