ಗಿರಣಿ ಅಟ್ಟದ ಕಂಪ್ಯೂಟರು

ಗಿರಣಿಯಿಂದ ಆಗಷ್ಟೇ ಬಂದ ಜೋಳದ ಹಿಟ್ಟಿನ ಬಿಸಿ ವಾಸನೆಗೆ ನಿಮಗೆ ರೊಟ್ಟಿ ನೆನಪಾಗಬಹುದು. ಇವತ್ತು ಬೆಳಿಗ್ಗೆ ನನಗೆ ನೆನಪಾದದ್ದು ಒಂದು ಹಳೆಯ ಕಂಪ್ಯೂಟರು. ನಗಬೇಡಿ, ಕಾರಣವಿದೆ.

ಸಂಶಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮೂರು ವರ್ಷದ ಹಿಂದೆ, ನಿವೃತ್ತರಾಗಿದ್ದ ನೀಲಮ್ಮ ಟೀಚರ್ ತಮ್ಮ ಕಂಪ್ಯೂಟರನ್ನು ಹಳೇ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅವರ ಅವ್ವ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಬೀಸುವ ಪದಗಳೆಲ್ಲ ಅದರಲ್ಲಿದ್ದವು. ಎಷ್ಟೋ ವರ್ಷದ ಹಿಂದೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೀಚರೇ ಟೈಪು ಮಾಡಿದ್ದು. ಅವ್ವ ಈಗಿರಲಿಲ್ಲ. ಬೇರೆ ಪ್ರತಿಯೂ ಇರಲಿಲ್ಲ. ಯಂತ್ರ ಸತ್ತಿತ್ತು, ಒಳಗಿನ ಹಾರ್ಡ್ ಡಿಸ್ಕ್ ಮಾತ್ರ ಬದುಕಿತ್ತು.

ಡಿಸ್ಕ್ ತೆಗೆದು ಬೇರೆಯದಕ್ಕೆ ಹಾಕಿದರಾಯಿತು, ಅದೇನು ಮಹಾ ಎಂದು ಜಂಬ ಕೊಚ್ಚಿದೆ. ಹೊಸ ಯಂತ್ರ ಆ ಡಿಸ್ಕಿನಿಂದ ಏಳಲೇ ಇಲ್ಲ. ಫೈಲುಗಳನ್ನಷ್ಟೇ ನಕಲು ಮಾಡಿ ತೆರೆದರೆ, ಆ ಕಾಲದ ಕನ್ನಡ ತಂತ್ರಾಂಶವಿಲ್ಲದೆ ಬರೀ ಗೀರು, ಚುಕ್ಕಿ. ಟೀಚರ ಮುಖ ನೋಡಲಾಗದೆ, ಅದೇ ಕಂಪನಿಯ ಅದೇ ಕಾಲದ ಯಂತ್ರಕ್ಕಾಗಿ ಊರೂರು ಅಲೆದೆ. ಕೊನೆಗೆ ಸಿಕ್ಕಿದ್ದು ಕುಬಿಹಾಳದ ಹಿಟ್ಟಿನ ಗಿರಣಿಯ ಅಟ್ಟದ ಮೇಲೆ. ಬೀಸುವ ಕಲ್ಲನ್ನು ಮೂಲೆಗೆ ತಳ್ಳಿದ್ದೇ ಗಿರಣಿ ನೋಡಿ. ಬಿಚ್ಚಿದರೆ ಒಳಗೆಲ್ಲ ಜೋಳದ ಹಿಟ್ಟು.

ಟೀಚರ್ ಎರಡೂ ಯಂತ್ರಗಳಿಗೆ ವಿಭೂತಿ ಹಚ್ಚಿದರು. ನಾನು ಹಿಟ್ಟೆಲ್ಲ ತೆಗೆದು, ಡಿಸ್ಕ್ ಕೂರಿಸಿ ಗುಂಡಿ ಒತ್ತಿದೆ. ಏನೂ ಇಲ್ಲ. ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಪಟ್ಟಿ ವೈರನ್ನು ತಿರುವುಮುರುವು ಹಾಕಿದ್ದೆ. ಹದಿನೈದು ವರ್ಷದ ಅನುಭವ ನನ್ನದು! ಸರಿಮಾಡಿದಾಗ ಡಿಸ್ಕ್ ಸಣ್ಣಗೆ ಗುರುಗುಟ್ಟಿತು, ಪರದೆ ಬೆಳಗಿತು. ಟೀಚರನ್ನು ಎಂದೂ ಕಾಣದ ಆ ಯಂತ್ರ ಅವರನ್ನು ಹೆಸರು ಹಿಡಿದು ಸ್ವಾಗತಿಸಿತು. ಎಷ್ಟೋ ಸಲ ಮಾಡಿದ ಕೆಲಸವೇ, ಆದರೂ ಅವತ್ತು ಕೈಮುಗಿಯಬೇಕೆನಿಸಿತು. ಪದಗಳು ಒಂದೂ ಕೆಡದೆ ಸಾಲಾಗಿ ಬಂದವು. ಮೊದಲು ಅವನ್ನೆಲ್ಲ ಕಾಗದಕ್ಕೆ ಇಳಿಸಿಕೊಟ್ಟೆ.

ಆಮೇಲೆ ನೋಡಿದರೆ ಪರದೆಯ ಮೂಲೆಯಲ್ಲಿ ತಾರೀಖು ತಪ್ಪಿತ್ತು. ಗಡಿಯಾರದ ಬ್ಯಾಟರಿ ಸತ್ತು, ಯಂತ್ರ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ನಿಂತಿತ್ತು. ತಿದ್ದಲು ಹೋದವನ ಕೈಯನ್ನು ಟೀಚರ್ ಹಿಡಿದುಕೊಂಡರು.

"ಬ್ಯಾಡ ತಮ್ಮಾ, ಹಂಗ ಇರಲಿ. ಆ ತಾರೀಖಿಗೆ ನಮ್ಮವ್ವ ಇನ್ನೂ ಇದ್ಲು."

ಹಾಗೇ ಬಿಟ್ಟೆ. ಇಂದಿಗೂ ಅಂಗಡಿಗೆ ಹಳೆಯ ಯಂತ್ರ ಬಂದು, ಅದರ ತಾರೀಖು ತಪ್ಪಿದ್ದರೆ, ತಿದ್ದುವ ಮೊದಲು ಅದನ್ನು ತಂದವರನ್ನು ಒಂದು ಮಾತು ಕೇಳುತ್ತೇನೆ.