ಕುಂಕುಮ ಹಚ್ಚಿದ ಕೊಕ್ಕೆ

ಹೊಡೆತ ತಿನ್ನೋದು ಚನ್ನುಗೆ ಹೊಸದೇನಲ್ಲ. ಹನ್ನೊಂದನೇ ವಯಸ್ಸಿಗೆ ಚಿಕ್ಕಪ್ಪನ ಬಾರುಕೋಲಿಗೆ ಹೆದರಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದವನು, ಮೂರನೇ ದಿನಕ್ಕೇ ಸಂಗಪ್ಪನ ಕೈಗೆ ಸಿಕ್ಕಿದ. ಈ ಸಂಗಪ್ಪ ಸ್ಟೇಷನ್ ಹಿಂದೆ ಬಾಟಲಿ ಆಯೋ ಹುಡುಗರನ್ನ ಹಿಡಿದಿಟ್ಕೊಂಡಿದ್ದ ಪುಂಡ. ಸಂಜೆಗೆ ಚೀಲ ತುಂಬದಿದ್ರೆ ಬೀಡಿ ತುದಿಯಿಂದ ಮುಂಗೈ ಸುಡೋನು. ಅತ್ತರೆ ಬಾಯಿಗೆ ಬಟ್ಟೆ ತುರುಕಿ ಇನ್ನೊಂದು ಸಲ ಸುಡೋನು. ಮೂರು ವರ್ಷ ಚನ್ನು ತಡ್ಕೊಂಡ. ಹದಿನಾಲ್ಕು ತುಂಬಿದ ವರ್ಷ ಒಂದು ಮಧ್ಯಾಹ್ನ, ಸಂಗಪ್ಪ ಬೀಡಿ ಹಚ್ಕೊಂಡು ಹತ್ತಿರ ಬರ್ತಿದ್ದ ಹಾಗೇ, ಹಳಿ ಪಕ್ಕದ ಕಲ್ಲೆತ್ತಿ ಅವನ ತಲೆಗೆ ಬಿಟ್ಟ. ಆಸಾಮಿ ಮಕಾಡೆ ಬಿದ್ದ.

ಮಿಕ್ಕ ಹುಡುಗರು ದಿಕ್ಕಾಪಾಲಾದ್ರು. ಚನ್ನೂನೂ ಓಡಿದ. ನೂರು ಹೆಜ್ಜೆ ಓಡಿ ನಿಂತ. ಹಾಳು ಮನಸ್ಸು, ಕೇಳ್ಬೇಕಲ್ಲ! ವಾಪಸ್ ಬಂದ. ರಕ್ತ ನೋಡಿ ಒಬ್ಬ ಆಟೋದವನೂ ನಿಲ್ಲಿಸ್ಲಿಲ್ಲ. ಕೊನೆಗೆ ತನ್ನನ್ನ ಸುಟ್ಟ ಆ ಪುಣ್ಯಾತ್ಮನನ್ನ ತಾನೇ ಬೆನ್ನ ಮೇಲೆ ಹಾಕ್ಕೊಂಡು, ಮಾರ್ಕೆಟ್ ಯಾರ್ಡಿನ ಗೇಟು ದಾಟಿ, ಆಸ್ಪತ್ರೆವರೆಗೂ ನಡೆದ. ಸಂಗಪ್ಪ ಬದುಕಿಕೊಂಡ, ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಅವತ್ತು ಗೇಟಲ್ಲಿ ಟೀ ಕುಡೀತಾ ನಿಂತಿದ್ದ ಹಮಾಲರ ಮೇಸ್ತ್ರಿ ಪಿಳ್ಳಪ್ಪ ಇದನ್ನೆಲ್ಲ ನೋಡಿದ್ದ. ಮಾರನೇ ದಿನ ಹುಡುಗನ್ನ ಕರೆದು, "ಏನ್ಲಾ, ಕಡ್ಡಿ ಇದ್ದಂಗಿದ್ದೀಯ, ಎತ್ತಿನಂತ ಆಳನ್ನ ಒತ್ಕೊಂಡು ಓದ್ಯಲ್ಲ! ಬಾ ಒಳಕ್ಕೆ" ಅಂದ. ಮೊದಲು ಉದುರಿದ ಕಾಳು ಗುಡಿಸೋ ಕೆಲಸ. ಮೀಸೆ ಬಂದ ಮೇಲೆ ಮೂಟೆ. ಮಲಗೋದು ಮಾತ್ರ ಆರು ವರ್ಷದಿಂದ ಅಂಗಡಿ ಜಗಲಿ ಮೇಲೆ, ಖಾಲಿ ಗೋಣಿಚೀಲದ ಒಳಗೆ. ಸೂರು ಬೇಕು ಅಂದ್ರೆ ಎದೆ ಮೇಲೆ ಹಿತ್ತಾಳೆ ಬಿಲ್ಲೆ ಇರಬೇಕು. ಬಿಲ್ಲೆ ಇದ್ದೋನಿಗೆ ಹಮಾಲರ ಕೊಠಡೀಲಿ ಒಂದು ಚಾಪೆ ಜಾಗ. ಸಂಕ್ರಾಂತಿ ಕಳೆದ ಎರಡನೇ ಸೋಮವಾರ ಬಿಲ್ಲೆ ಕೊಡ್ತೀನಿ ಅಂತ ಪಿಳ್ಳಪ್ಪ ಮಾತು ಕೊಟ್ಟಿದ್ದ. ಅವನದು ಒಂದೇ ಷರತ್ತು.

"ಕೊಕ್ಕೆ ಇರಾದು ಮೂಟೆಗೆ. ಮನುಷ್ಯನ ಮೇಲೆ ಎತ್ತಿದೋನು ನನ್ನ ಸ್ವಂತ ಮಗನೇ ಆಗ್ಲಿ, ಈ ಗೇಟಿನ ಒಳಕ್ಕೆ ಕಾಲಿಡಂಗಿಲ್ಲ."

ಹಮಾಲನಿಗೆ ಕೊಕ್ಕೆ ಅಂದ್ರೆ ಎರಡನೇ ಕೈ. ಹಿಡಿ ಇರೋ ಬಾಗಿದ ಕಬ್ಬಿಣ. ಚೀಲಕ್ಕೆ ಸಿಗಿಸಿ ಎಳೆದು ಹೆಗಲಿಗೆ ಹಾಕ್ಕೊಳ್ಳೋದು, ಕೆಲಸ ಇಲ್ದಾಗ ಭುಜಕ್ಕೆ ನೇತುಹಾಕ್ಕೊಳ್ಳೋದು. ಚನ್ನೂದಕ್ಕೆ ನೀಲಿ ಟೇಪು ಸುತ್ತಿತ್ತು. ಆಯುಧಪೂಜೆ ದಿನ ಯಾರ್ಡಲ್ಲಿ ತಕ್ಕಡಿ, ಲಾರಿ, ಕೊಕ್ಕೆ ಎಲ್ಲಕ್ಕೂ ಪೂಜೆ. ಕೊಕ್ಕೆ ತುದಿಗೆ ಕುಂಕುಮ ಮೆತ್ತಿ, ನಿಂಬೆಹಣ್ಣು ಚುಚ್ಚಿಡ್ತಾರೆ. ಆ ಕುಂಕುಮ ತಾನಾಗಿ ಸವೆದು ಹೋಗ್ಬೇಕು, ಒರೆಸೋ ಹಾಗಿಲ್ಲ.

ಡಾಕ್ಯುಮೆಂಟರಿ ಮಾಡೋ ರಮಾ ಮೇಡಂ ಬಂದಿದ್ದು ಸರಿಯಾಗಿ ಆ ಹಬ್ಬದ ಮಾರನೇ ದಿನ. ಮನೆಯಿಲ್ಲದ ಹುಡುಗರ ಬಗ್ಗೆ ಜನಕ್ಕೆ ಕರುಣೆ ಬರೋ ಹಾಗೆ ಮಾಡ್ಬೇಕು ಅನ್ನೋದು ಅವರ ಆಸೆ. ಕೆಟ್ಟವರಲ್ಲ ಕಣ್ರೀ, ಅದೇ ಬಂದಿರೋ ಕಷ್ಟ! ಕೆಟ್ಟವರಾಗಿದ್ರೆ ಚನ್ನು ಬಾಯೇ ಬಿಡ್ತಿರಲಿಲ್ಲ. ಅವರು ಕ್ಯಾಮೆರಾನ ನೆಲಕ್ಕಿಟ್ಟು ಕೆಳಗಿಂದ ತೆಗೆದ್ರು. ನಿಂಬೆಹಣ್ಣನ್ನ ಸ್ವಲ್ಪ ತೆಗಿ, ಅಡ್ಡ ಬರುತ್ತೆ ಅಂದ್ರು. ಚನ್ನು ಸಂಗಪ್ಪನ ಕತೆ ಪೂರ್ತಿ ಹೇಳಿದ, ಕಲ್ಲಿಂದ ಹಿಡಿದು ಆಸ್ಪತ್ರೆವರೆಗೂ.

"ತುಂಬಾ ಉದ್ದ ಆಯ್ತು ಕಣೋ. ಹೊಡೆದಿದ್ದನ್ನ ಮಾತ್ರ ಇನ್ನೊಂದ್ಸಲ ಹೇಳು," ಅಂದ್ರು ಮೇಡಂ.

ಹೇಳಿದ. ದೊಡ್ಡೋರು ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?

ಸಂಕ್ರಾಂತಿ ಆದ ಮೇಲೆ ಒಂದು ಭಾನುವಾರ, ಆರ್.ಟಿ. ನಗರದ ಒಂದು ಹಾಲ್‌ನಲ್ಲಿ ಆ ಚಿತ್ರ ತೋರಿಸಿದ್ರು. ಚನ್ನು ಒಗೆದ ಷರ್ಟು ಹಾಕ್ಕೊಂಡು ಮೂರನೇ ಸಾಲಲ್ಲಿ ಕೂತ. ಪರದೆ ಮೇಲೆ ಬಂದವನನ್ನ ಅವನೇ ಗುರುತು ಹಿಡೀಲಿಲ್ಲ. ಬಣ್ಣಾನೆಲ್ಲ ಕುಗ್ಗಿಸಿ ಕಪ್ಪು ಮಾಡಿ, ಕುಂಕುಮದ ಕೆಂಪು, ಟೇಪಿನ ನೀಲಿ ಎರಡನ್ನೇ ಉಳಿಸಿದ್ರು. ನಿಂಬೆಹಣ್ಣಿಲ್ಲ, ಪೂಜೆ ಇಲ್ಲ, ಕೊಕ್ಕೆ ತುದೀಲಿ ಒದ್ದೆ ರಕ್ತ! ಹುಡುಗನಿಗೆ ತೊಂದರೆ ಆಗದಿರಲಿ ಅಂತ ಮುಖ ಮಸುಕು ಮಾಡಿದ್ರಂತೆ. ಮುಖ ಮಸುಕು ಮಾಡಿ ಟೀವಿಯವರು ದಿನಾ ತೋರಿಸೋದು ಯಾರನ್ನ ಹೇಳಿ? ಹಿಂದಿನಿಂದ ಡುಂ ಡುಂ ಅಂತ ನಗಾರಿ. ಅದರ ಮೇಲೆ ಚನ್ನು ದನಿ: "ಕಲ್ಲೆತ್ತಿ ತಲೆಗೆ ಬಿಟ್ಟೆ. ಬಿದ್ದ." ಅಲ್ಲಿಗೆ ಕತ್ತಲು. ಬೀಡಿ ಇಲ್ಲ, ಆಸ್ಪತ್ರೆ ಇಲ್ಲ.

ಪಕ್ಕದ ಹೆಂಗಸು ಕಣ್ಣೊರೆಸ್ಕೊಂಡ್ರು. ಆಮೇಲೆ ಚನ್ನು ಮುಂಗೈ ಮೇಲೆ, ಪರದೇಲಿ ಕಂಡಿದ್ದ ಅದೇ ಸುಟ್ಟ ಕಲೆ ನೋಡಿ ತಮ್ಮ ಬ್ಯಾಗನ್ನ ಇನ್ನೊಂದು ತೊಡೆ ಮೇಲಿಟ್ಕೊಂಡ್ರು.

ಚನ್ನು ಮೇಡಂನ ಬಾಗಿಲಲ್ಲಿ ತಡೆದ. "ಮೇಡಂ, ಆಸ್ಪತ್ರೆ ಎಲ್ಲಿ?"

"ಜನ ಮೊದಲು ಬೆಚ್ಚಿಬೀಳ್ಬೇಕು ಚನ್ನು. ಆಮೇಲೆ ತಾನೇ ಮನಸ್ಸು ಕರಗೋದು."

ಬೆಚ್ಚಿಬಿದ್ರು, ಚೆನ್ನಾಗೇ ಬಿದ್ರು. ಅದರ ಮೂರು ನಿಮಿಷದ ತುಣುಕು ಎರಡೇ ದಿನದಲ್ಲಿ ಎಲ್ಲರ ಫೋನಿಗೂ ಹೋಯ್ತು. ಯಾವನೋ ಪುಣ್ಯವಂತ 'ಕೊಕ್ಕೆ ಗ್ಯಾಂಗ್, ಮಕ್ಕಳು ಹುಷಾರು' ಅಂತ ಮೇಲೆ ಬರೆದು ಕಳಿಸಿದ್ದ.

ಬಿಲ್ಲೆಗೆ ಇನ್ನು ಎರಡು ದಿನ ಇತ್ತು. ಶನಿವಾರ ಬೆಳಗ್ಗೆ ಚನ್ನು ಟೆಂಪೋದಲ್ಲಿ ಈರುಳ್ಳಿ ಮೂಟೆ ಜೊತೆ ಬಾಗಲಗುಂಟೆಗೆ ಹೋದ, ಮುಕ್ತಾರ್ ಅವರ ದಿನಸಿ ಅಂಗಡಿಗೆ. ಎರಡು ಮೂಟೆ ಇಳಿಸಿ, ಕೊಕ್ಕೆನ ಭುಜಕ್ಕೆ ಹಾಕ್ಕೊಂಡು ನೀರು ಕುಡೀತಿದ್ದ. ಎದುರು ಮನೆಯ ಹೆಂಗಸು ಮಗೂನ ಒಳಗೆ ಎಳ್ಕೊಂಡು ಕಿರುಚಿದ್ಲು: "ನೀಲಿ ಟೇಪು! ವಿಡಿಯೋದಲ್ಲಿ ಇದ್ದೋನು ಇವನೇ!"

ಏಳೆಂಟು ಜನ ಸೇರೋಕೆ ಎಷ್ಟು ಹೊತ್ತು? ಒಬ್ಬ ಫೋನ್ ತೆಗೆದು ತಾಳೆ ನೋಡಿದ, ಕೊಕ್ಕೆ, ಟೇಪು, ಮುಂಗೈ ಕಲೆ. "ಹಮಾಲ ಕಣಣ್ಣ, ಮೂಟೆ ಇಳಿಸೋಕೆ ಬಂದೆ" ಅಂತ ಚನ್ನು ಬಾಯಿ ತೆರೆದಿದ್ದೇ ತಡ, ಆ ದನೀನೂ ಗುರುತು ಸಿಕ್ತು. ಮೊದಲನೇ ಏಟು ಹೆಲ್ಮೆಟ್‌ನಿಂದ ಬಿತ್ತು, ದವಡೆ ಮೇಲೆ. ಎರಡನೇದು ಕ್ರಿಕೆಟ್ ಬ್ಯಾಟು, ಮಂಡಿಗೆ. ಮುಕ್ತಾರ್ ಗಲ್ಲಾ ಬಿಟ್ಟು ಓಡಿಬಂದು, "ಬಿಡ್ರೋ, ನಮ್ಮ ಮಾಲು ತಂದಿರೋ ಹುಡುಗ ಅವನು!" ಅಂತ ನಡುವೆ ನುಗ್ಗಿದ್ರು. ಅವರನ್ನೂ ಮೋರಿಗೆ ತಳ್ಳಿದ್ರು.

ಭುಜದ ಮೇಲಿದ್ದ ಕೊಕ್ಕೆ ಅಷ್ಟೊತ್ತಿಗೆ ಚನ್ನು ಕೈಗೆ ಬಂದಿತ್ತು. ಒಂದು ಸಲ ಬೀಸಿದ್ರೆ ಎದುರಿಗಿದ್ದವನ ಹೊಟ್ಟೆ ಹರಿದು ಹೋಗ್ತಿತ್ತು. ಬೀಸಬೇಕು ಅಂತ ಅವನಿಗೆ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಮೈಯೆಲ್ಲ ಉರೀತಿತ್ತು. ಆದ್ರೆ ಸೋಮವಾರದ ಬಿಲ್ಲೆ ಕಣ್ಣ ಮುಂದೆ ಬಂತು, ಕೊಠಡಿ ಮೂಲೇಲಿ ತಾನು ಆರಿಸಿಟ್ಟಿದ್ದ ಚಾಪೆ ಜಾಗ ಬಂತು. ಕೈಲಿದ್ರೆ ತಾನು ಬೀಸ್ತೀನಿ, ಬಿಟ್ರೆ ಇವರು ಎತ್ಕೊಂಡು ತನಗೇ ಹಾಕ್ತಾರೆ. ಬಲಗೈ ಎತ್ತಿ, ಇದ್ದ ಬದ್ದ ಶಕ್ತಿಯೆಲ್ಲ ಹಾಕಿ, ಕೊಕ್ಕೆನ ಪಕ್ಕದ ಶೀಟಿನ ಮಾಡಿನ ಮೇಲಕ್ಕೆ ಎಸೆದ.

ಎತ್ತಿದ ಆ ಕೈಗೇ ಬ್ಯಾಟು ಬಿತ್ತು. ಮೊಣಕೈ ಲಟಕ್ ಅಂದಿದ್ದು ಅವನಿಗೇ ಕೇಳಿಸ್ತು. ಕೆಳಗೆ ಬಿದ್ದ ಮೇಲೆ ಅದೇ ಕೈ ಮೇಲೆ ನಾಲ್ಕೈದು ಜನ ತುಳಿದ್ರು. ಒಬ್ಬ ಇಟ್ಟಿಗೆ ತಂದ. ಪೊಲೀಸ್ ಜೀಪು ಬರೋ ಹೊತ್ತಿಗೆ ಚನ್ನು ಬಾಯಲ್ಲಿ ಮೂರು ಹಲ್ಲು ಇರಲಿಲ್ಲ.

ಮಧ್ಯಾಹ್ನಕ್ಕೆ ಇನ್ನೊಂದು ವಿಡಿಯೋ ಊರೆಲ್ಲ ಓಡಾಡ್ತು. ಹದಿನೈದು ಸೆಕೆಂಡು. ಚನ್ನು ಕೊಕ್ಕೆ ಹಿಡಿದು ಕೈ ಎತ್ತೋದು, ಜನ ಹಿಂದಕ್ಕೆ ಸರಿಯೋದು, ಅಷ್ಟೇ. ಟೀ ಅಂಗಡಿ ರತ್ನಕ್ಕ ಅದನ್ನ ಪಿಳ್ಳಪ್ಪನಿಗೆ ತೋರಿಸಿ ಗೋಳೋ ಅಂತ ಅತ್ತಳು. ಪಿಳ್ಳಪ್ಪ ಎರಡು ಸಲ ನೋಡಿದ, ಮುಖ ಕಪ್ಪಿಟ್ಟುಹೋಯ್ತು. ಯಾರ್ಡಿನ ಹಮಾಲರೆಲ್ಲ ಕೊಕ್ಕೆ ಎತ್ತವ್ನೆ ಅಂತ ತೀರ್ಮಾನಾನೇ ಮಾಡಿಬಿಟ್ಟಿದ್ರು. ಪಿಳ್ಳಪ್ಪ ಮಾತ್ರ, "ಆಮೇಲೆ ಕೊಕ್ಕೆ ಎಲ್ಲೋಯ್ತು?" ಅಂದ. ಅರವತ್ತು ದಾಟಿದ ಮುದುಕ ಬಸ್ಸು ಹತ್ತಿ ಬಾಗಲಗುಂಟೆಗೆ ಹೋದ. ಚನ್ನು ಅದನ್ನ ಮಾಡಿನ ಮೇಲಕ್ಕೆ ಎಸೆದಿದ್ದನ್ನ ಮೋರಿಯಿಂದ ನೋಡಿದ್ದ ಮುಕ್ತಾರ್ ಹತ್ರ ಏಣಿ ಇಸ್ಕೊಂಡು, ಅಕ್ಕಪಕ್ಕದವರು ಬೈತಿದ್ರೂ ಮಾಡು ಹತ್ತಿದ. ಕೊಕ್ಕೆ ಅಲ್ಲೇ ಬಿಸಿಲಲ್ಲಿ ಬಿದ್ದಿತ್ತು. ತುದೀಲಿ ಇನ್ನೂ ಚೂರು ಕುಂಕುಮ ಇತ್ತು.

ಸೋಮವಾರ ಪಿಳ್ಳಪ್ಪ ಆಸ್ಪತ್ರೆ ವಾರ್ಡಿಗೆ ಬಂದು ಚನ್ನು ದಿಂಬಿಗೆ ಬಿಲ್ಲೆ ಸಿಗಿಸಿದ. ಮೊಣಕೈ ಪುಡಿಯಾಗಿದೆ, ಇನ್ನು ಈ ಕೈ ಭಾರ ಎತ್ತಲ್ಲ ಅಂತ ಡಾಕ್ಟರ್ ಆಗಲೇ ಹೇಳಿದ್ರು.

"ಮೂಟೆ ಎತ್ತದೋನಿಗೆ ಬಿಲ್ಲೆ ಯಾಕೆ ಮೇಸ್ತ್ರಿ?" ಅಂದ ಚನ್ನು.

"ಕೊಕ್ಕೆ ಎತ್ತದೋನಿಗೆ ಕಣ್ಲಾ. ಚಾಪೆ ಆಸಿವ್ನಿ, ವಾಸಿಯಾದ್ಮೇಲೆ ಬಂದು ಮಲಕ್ಕೋ," ಅಂದು ಮುದುಕ ಮುಖ ಆ ಕಡೆ ತಿರುಗಿಸ್ಕೊಂಡ.

ಸಂಜೆ ರಮಾ ಮೇಡಂ ಬಂದ್ರು, ಹೆಗಲಲ್ಲಿ ಅದೇ ಕ್ಯಾಮೆರಾ ಚೀಲ. ಮಂಚದ ಹತ್ರ ನಿಂತು ಅತ್ತರು. "ನನ್ನಿಂದಾನೇ ಆಗಿದ್ದು ಚನ್ನು. ಜನಕ್ಕೆ ನಿಜ ಏನು ಅಂತ ತೋರಿಸ್ತೀನಿ. ಒಪ್ಕೊಂಡ್ರೆ ಈಗಲೇ ತೆಗೀತೀನಿ," ಅಂದ್ರು.

ಚನ್ನುಗೆ ಉಗಿಯೋ ಅಷ್ಟು ಸಿಟ್ಟು ಬಂತು. ಹೊಲಿಗೆ ಹಾಕಿದ ಬಾಯಲ್ಲಿ ಉಗಿಯೋಕೂ ಆಗಲ್ಲವಲ್ಲ. ಕ್ಯಾಮೆರಾ ಚೀಲದ ಕಡೆ ನೋಡಿ, "ನೆಲದ ಮೇಲಿಡಬೇಡಿ. ನನ್ನ ಕಣ್ಣಿನ ಎತ್ತರಕ್ಕೆ ಇಡಿ. ಮುಖ ಅಳಿಸಬೇಡಿ," ಅಂದ.

ಮೇಡಂ ಸ್ಟೂಲ್ ಎಳೆದು ಅದರ ಮೇಲೆ ಕ್ಯಾಮೆರಾ ಇಟ್ರು. "ಎಲ್ಲಿಂದ ಶುರು ಮಾಡ್ತೀಯ?"

"ನೀವು ಕತ್ತರಿಸಿದ್ರಲ್ಲ, ಅಲ್ಲಿಂದ. ಕಲ್ಲು ಬಿತ್ತು, ಸಂಗಪ್ಪ ಬಿದ್ದ. ಆಟೋದೋರು ಯಾರೂ ನಿಲ್ಲಿಸ್ಲಿಲ್ಲ. ಬೆನ್ನ ಮೇಲೆ ಹಾಕ್ಕೊಂಡೆ. ಅವನ ರಕ್ತ ನನ್ನ ಕುತ್ತಿಗೆ ಮೇಲೆ ಇಳೀತಿತ್ತು. ಆದ್ರೂ ಈ ಕೈಯಿಂದ ಗಟ್ಟಿಯಾಗಿ ಹಿಡ್ಕೊಂಡೇ ಹೋದೆ, ಕೆಳಗೆ ಹಾಕಲಿಲ್ಲ." ಅವನು ಬ್ಯಾಂಡೇಜು ಸುತ್ತಿದ ಬಲಗೈ ನೋಡ್ಕೊಂಡ. "ನಾನು ಹೊತ್ತ ಮೊದಲನೇ ಮೂಟೆ ಅದು, ಮೇಡಂ."