ಬೇಡವೆಂದ ಮೊದಲ ಕೆಲಸ

ಲಾಂಡ್ರಿಯ ಹೆಂಗಸರೆಲ್ಲ ಅವಳನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಅಲ್ಲಿಗೆ ಹೋಗಿ, ಊಟದ ಕೋಣೆಯಲ್ಲಿ ಕೆಟ್ಟು ಕೂತಿದ್ದ ಟೇಬಲ್ ಫ್ಯಾನನ್ನು ಬಿಚ್ಚಿ ಹರಡಿದ್ದಳು. ಮತ್ತೆ ಜೋಡಿಸಲು ಬರಲಿಲ್ಲ. ಆದರೂ ಹೆಸರು ಅಂಟಿಕೊಂಡಿತು. ಬೆಳೆದ ಮೇಲೆ ಮೆಷಿನ್ ರಿಪೇರಿಯ ಕೋರ್ಸಿಗೆ ಸೇರಿ ಪಾಸಾದಾಗ, "ಹೆಸರಿಟ್ಟವರು ನಾವು, ಸರ್ಟಿಫಿಕೇಟಲ್ಲಿ ನಮಗೂ ಪಾಲಿದೆ" ಎಂದು ಅವರು ನಗಾಡಿದ್ದರು.

ಕೋರ್ಸೇನೋ ಮುಗಿಯಿತು, ಕೆಲಸ ಸಿಗಲಿಲ್ಲ. ಹೋದಲ್ಲೆಲ್ಲ ಅನುಭವ ಕೇಳಿದರು. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ತರಲಿ ಎಂದು ಎದುರು ಕೇಳುವ ಬಾಯಿ ಅವಳಿಗಿರಲಿಲ್ಲ. ಕೊನೆಗೆ ಅಮ್ಮನೇ ಬೆನ್ನು ಹತ್ತಿ ಉದ್ಯೋಗ ಕಚೇರಿಗೆ ಕಳಿಸಿದಳು. ಓದು ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಅಲ್ಲಿ ನಿರುದ್ಯೋಗ ಭತ್ಯೆ ಕೊಡುತ್ತಿದ್ದರು. ಮೊದಲ ಸಲ ಸಾಲಿನಲ್ಲಿ ನಿಂತಾಗ, ಜೊತೆಗೆ ಓದಿದವರು ಯಾರಾದರೂ ಕಂಡುಬಿಟ್ಟಾರು ಎಂದು ಅವಳು ಗೋಡೆಗೆ ಮುಖ ಮಾಡಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಹಿಂದೆ ನಿಂತವನು, ಅವನ ಹಿಂದಿನವಳು, ಎಲ್ಲರೂ ಗೋಡೆಯನ್ನೇ ನೋಡುತ್ತಿದ್ದರು.

ಭತ್ಯೆಗೆ ಒಂದು ಕಟ್ಟುಪಾಡಿತ್ತು. ಕಚೇರಿಯವರು ತೋರಿಸಿದ ಕೆಲಸ ಕಲಿತ ವಿದ್ಯೆಗೆ ಹೊಂದುವಂಥದ್ದಾಗಿದ್ದರೆ ಒಲ್ಲೆ ಎನ್ನುವಂತಿಲ್ಲ. ಒಲ್ಲೆ ಎಂದರೆ ಭತ್ಯೆ ನಿಂತುಹೋಗುತ್ತದೆ. ಆಗ ಅದನ್ನು ಕೇಳಿ ಮಿಸ್ತ್ರಿಗೆ ನಗುವೇ ಬಂದಿತ್ತು. ಕೆಲಸಕ್ಕಾಗಿ ಬೀದಿ ಬೀದಿ ಅಲೆಯುತ್ತಿರುವವಳು ಬಂದ ಕೆಲಸವನ್ನು ಯಾಕೆ ಒಲ್ಲೆ ಎಂದಾಳು?

ಅಷ್ಟರಲ್ಲಿ ಲಾಂಡ್ರಿಯಲ್ಲಿ ಮುಷ್ಕರ ಶುರುವಾಯಿತು.

ಅದು ದೊಡ್ಡ ಲಾಂಡ್ರಿ. ಊರಿನ ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಒಗೆದ ಚಾದರದ ಎರಡು ತುದಿಗಳನ್ನು ಇಬ್ಬರು ಹೆಂಗಸರು ಹಿಡಿದು, ಗೋಡೆಯುದ್ದದ ಒಂದು ಬಿಸಿ ರೋಲರಿನ ಬಾಯಿಗೆ ಕೊಡಬೇಕು; ಆ ಕಡೆಯಿಂದ ಅದು ಇಸ್ತ್ರಿಯಾಗಿ ಹೊರಗೆ ಬೀಳುತ್ತದೆ. ಹದಿನಾರು ವರ್ಷ ಅಮ್ಮ ನಿಂತಿದ್ದು ಅಲ್ಲೇ. ಎದುರು ತುದಿ ಹಿಡಿಯುತ್ತಿದ್ದವಳು ಅಮ್ಮನ ಗೆಳತಿ. ಮಿಸ್ತ್ರಿಗೆ ರಕ್ತಸಂಬಂಧವೇನೂ ಅಲ್ಲ, ಆದರೆ ಮಾತು ಬಂದಾಗಿನಿಂದ ಚಿಕ್ಕಮ್ಮ ಎಂದೇ ಕರೆದದ್ದು. ರೋಲರಿನ ಮುಂದೆ ಒಂದು ತಡೆಕಂಬಿ ಇತ್ತು. ಬೆರಳು ತಾಗಿದರೆ ಸಾಕು, ಮೆಷಿನ್ ತಾನೇ ನಿಲ್ಲುತ್ತಿತ್ತು. ಆದರೆ ಚಾದರದ ಮಡಿಕೆ ತಾಗಿದರೂ ನಿಲ್ಲುತ್ತಿತ್ತು. ಕೆಲಸ ನಿಧಾನವಾಗುತ್ತದೆ ಎಂದು ಮೇಲಿನವರು ಕಂಬಿಯನ್ನೇ ತೆಗೆಸಿ, ಅದರ ವೈರುಗಳನ್ನು ನೇರವಾಗಿ ಸೇರಿಸಿಬಿಟ್ಟರು. ತಿಂಗಳೊಳಗೆ ಚಿಕ್ಕಮ್ಮನ ಬಲಗೈ ಒಳಗೆ ಹೋಯಿತು.

ಮರುದಿನ ಲಾಂಡ್ರಿಯ ರಿಪೇರಿಯವನು, ರೋಲರ್ ತಿರುಗದಂತೆ ಆ ವೈರುಗಳನ್ನು ಕತ್ತರಿಸಿ ಹಾಕಿ ಹೊರಗೆ ಬಂದ. ಅವನ ಹಿಂದೆ ಹೆಂಗಸರೆಲ್ಲ ಬಂದರು. ಮುಂದಾಳು ಮೈಕಕ್ಕ. ಅವಳಿಗೆ ಮಾತನಾಡಲು ಮೈಕು ಬೇಕಿರಲಿಲ್ಲ, ಅದಕ್ಕೇ ಆ ಹೆಸರು. ಕಂಬಿ ಹಾಕಿ, ಸಂಬಳ ಏರಿಸಿ, ಆಮೇಲೆ ಒಳಗೆ ಬರುತ್ತೇವೆ ಎಂದು ಗೇಟಿನ ಮುಂದೆ ಕೂತರು. ಅಮ್ಮನ ಸಂಬಳ ನಿಂತಿತು. ಅಪ್ಪ ತೀರಿಕೊಂಡು ಬಹಳ ಕಾಲವಾಗಿದ್ದ ಆ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಈಗ ಮಗಳ ಭತ್ಯೆಯಿಂದ.

ಆ ಶುಕ್ರವಾರ ಉದ್ಯೋಗ ಕಚೇರಿಯ ಮೇಡಂ ಅವಳನ್ನು ನೋಡಿದ ಕೂಡಲೇ ನಕ್ಕರು. ಅವರು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಅದೃಷ್ಟ ಖುಲಾಯಿಸ್ತು ನೋಡಮ್ಮ. ಮೆಷಿನ್ ರಿಪೇರಿ ಕಲಿತವರೇ ಬೇಕಂತೆ. ಅನುಭವ ಬೇಡ. ಸೋಮವಾರವೇ ಬರಬೇಕು, ಅವರದೇ ವ್ಯಾನ್ ಬರುತ್ತೆ."

ಅವರು ಚಾಚಿದ ಚೀಟಿಯಲ್ಲಿದ್ದದ್ದು ಅಮ್ಮನ ಲಾಂಡ್ರಿಯ ಹೆಸರು.

"ಮೇಡಂ, ಅಲ್ಲಿ ಮುಷ್ಕರ ನಡೀತಿದೆ."

"ನಡೀಲಿ. ನೀನೇನು ಅಲ್ಲಿಯವಳಲ್ಲವಲ್ಲ."

"ನಮ್ಮಮ್ಮ ಅಲ್ಲಿಯವರು. ಗೇಟಲ್ಲಿ ಕೂತಿದಾರೆ."

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಹಿಂದೆ ಸಾಲು ಬಾಗಿಲಿನವರೆಗೂ ಬೆಳೆದಿತ್ತು. "ಒಲ್ಲೆ ಅಂದ್ರೆ ಭತ್ಯೆ ನಿಲ್ಲುತ್ತೆ ಕಣಮ್ಮ. ನಿಲ್ಲಿಸಬೇಕು ಅಂತ ನನಗೇನೂ ಆಸೆಯಿಲ್ಲ. ಏನಂತ ಬರ್ಕೊಳ್ಲಿ?"

ಹಿಂದಿನವನು ಕೆಮ್ಮಿದ. "ಹೋಗ್ತೀನಿ" ಎಂಬ ಮಾತು ಅವಳ ಬಾಯಿಂದ ಬಂದುಬಿಟ್ಟಿತು.

ಮನೆಗೆ ಬಂದು ಬಾಯಿ ಬಿಡಲಿಲ್ಲ. ಶನಿವಾರವೂ ಇಲ್ಲ. ಅಮ್ಮ ಗೇಟಿನಿಂದ ಬಿಸಿಲಿಗೆ ಬಾಡಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದಳು. ಭಾನುವಾರ ಸಂಜೆ ಬಟ್ಟೆ ಮಡಿಸುತ್ತಿದ್ದಾಗ ಅಮ್ಮನೇ ಮಾತು ತೆಗೆದಳು. "ನಾಳೆ ಯಾರನ್ನೋ ತರ್ತಾರಂತೆ. ರಿಪೇರಿ ಗೊತ್ತಿರೋರು ಸಿಕ್ಕಿದಾರಂತೆ. ಆ ರೋಲರ್ ಒಂದು ಶುರುವಾದರೆ ನಮ್ಮ ಕಥೆ ಮುಗೀತು."

ಮಿಸ್ತ್ರಿ ಕೈಯಲ್ಲಿದ್ದ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅಮ್ಮ ಅದನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಮುಖದ ಬಣ್ಣ ಇಳಿಯಿತು.

"ನೀನಾ?"

"ಒಲ್ಲೆ ಅಂದ್ರೆ ಭತ್ಯೆ ಹೋಗುತ್ತಮ್ಮ."

ಅಮ್ಮ ಬೈದಿದ್ದರೆ ಸುಲಭವಾಗುತ್ತಿತ್ತು. ಅವಳು ಬೈಯಲಿಲ್ಲ. ಎದ್ದು ಹೋಗಿ ನೀರು ಕುಡಿದಳು, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆದಳು.

"ನಾನೇನು ಮಾಡ್ಲಮ್ಮ, ಹೇಳು."

"ನನ್ನ ಕೇಳಬೇಡ," ಅಮ್ಮ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಕೇಳಿದ್ರೆ ಹೋಗು ಅಂತೀನಿ. ಹಾಗನ್ನೋಳು ನಾನಾಗಬಾರದು. ಅದಕ್ಕೇ ಕೇಳಬೇಡ."

ಸೋಮವಾರ ಬೆಳಿಗ್ಗೆ ಅಮ್ಮ ಎಂದಿಗಿಂತ ಮೊದಲೇ ಎದ್ದು ಹೋಗಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಮಗಳ ಊಟದ ಡಬ್ಬಿ ಕಟ್ಟಿಟ್ಟಿತ್ತು. ಮಿಸ್ತ್ರಿ ಅದನ್ನು ಕೈಗೆತ್ತಿಕೊಂಡಳು. ಡಬ್ಬಿಯೆಂದರೆ ಹೋಗು ಎಂದೇ? ಅಥವಾ ಎಲ್ಲಿಗೆ ಹೋದರೂ ಹಸಿದಿರಬೇಡ ಎಂದಷ್ಟೆಯೇ?

ವ್ಯಾನಿನ ಕಿಟಕಿಗಳಿಗೆ ಪರದೆ ಎಳೆದಿದ್ದರು. ಒಳಗೆ ಮೊದಲೇ ಮೂವರಿದ್ದರು: ಒಬ್ಬ ಹುಡುಗ, ಇಬ್ಬರು ಹುಡುಗಿಯರು. ಎಲ್ಲರೂ ಉದ್ಯೋಗ ಕಚೇರಿಯ ಸಾಲಿನಲ್ಲಿ ಕಂಡ ಮುಖಗಳೇ. ಯಾರೂ ಯಾರನ್ನೂ ಮಾತನಾಡಿಸಲಿಲ್ಲ. ತಿರುವು ಬಂದಾಗ ಡ್ರೈವರ್ "ತಲೆ ಬಗ್ಗಿಸ್ಕೊಳ್ಳಿ" ಎಂದ. ಆಗಲೇ ಕೂಗು ಕೇಳಿಸಿತು. ಮೈಕಕ್ಕನ ಗಂಟಲು ಎಲ್ಲದರ ಮೇಲೆ ಹಾರಿ ಬರುತ್ತಿತ್ತು. ಅಂಗೈಗಳು ವ್ಯಾನಿನ ತಗಡಿಗೆ ಬಡಿದವು. ಹುಡುಗಿಯರಲ್ಲಿ ಚಿಕ್ಕವಳು ಮಿಸ್ತ್ರಿಯ ತೋಳು ಹಿಡಿದುಕೊಂಡಳು.

ಮಿಸ್ತ್ರಿ ಪರದೆಯ ಅಂಚು ಸರಿಸಿದಳು. ಬ್ಯಾಂಡೇಜಿನ ಕೈಯನ್ನು ಎದೆಗೆ ಆನಿಸಿಕೊಂಡು ಚಿಕ್ಕಮ್ಮ ನಿಂತಿದ್ದಳು. ಅವಳ ಪಕ್ಕ ಅಮ್ಮ. ಎಲ್ಲರೂ ವ್ಯಾನಿನತ್ತ ಮುಖ ಮಾಡಿ ಕೂಗುತ್ತಿದ್ದರೆ ಅಮ್ಮ ಒಬ್ಬಳೇ ರಸ್ತೆಯ ಕಡೆ ತಿರುಗಿ ನಿಂತಿದ್ದಳು. ಮಗಳು ಒಳಗೆ ಹೋಗುವುದನ್ನು ತಾನು ನೋಡಬಾರದು ಎಂದು.

"ನಿಲ್ಸಿ, ನಾನು ಇಳೀತೀನಿ," ಎಂದಳು ಮಿಸ್ತ್ರಿ.

"ಇಲ್ಲಿ ಬಾಗಿಲು ತೆಗೆದ್ರೆ ನನ್ನ ಗತಿ ಏನು?" ಎಂದ ಡ್ರೈವರ್. ವ್ಯಾನ್ ಒಳಗೆ ನುಗ್ಗಿತು. ಹಿಂದೆ ಗೇಟು ಮುಚ್ಚಿದ ಸದ್ದು ಅವಳ ಬೆನ್ನಿಗೇ ಬಡಿದಂತಾಯಿತು.

ಒಳಗೆ ಅವಳು ಚಿಕ್ಕಂದಿನಲ್ಲಿ ಕಂಡ ಗದ್ದಲವಿರಲಿಲ್ಲ. ಗಾಲಿಯ ಬುಟ್ಟಿಗಳಲ್ಲಿ ಆಸ್ಪತ್ರೆಯ ಚಾದರಗಳು ಬೆಟ್ಟದಂತೆ ಬಿದ್ದು ಮುಗ್ಗಲು ವಾಸನೆ ಹಿಡಿದಿದ್ದವು. ಸೂಪರ್‌ವೈಸರ್ ನಿದ್ದೆಗೆಟ್ಟ ಮುಖದ ಸಣಕಲು ಮನುಷ್ಯ. ಅವನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು.

"ನೋಡಮ್ಮ, ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಾಸೋಕೆ ಬಟ್ಟೆಯಿಲ್ಲ. ಬೇಗ ಆಗಲಿ." ಅವನು ರೋಲರಿನ ಪಕ್ಕದ ಮುಚ್ಚಳ ತೆಗೆದು ತೋರಿಸಿದ. ತುದಿ ಕತ್ತರಿಸಿದ ಎರಡು ವೈರುಗಳು ಜೋತುಬಿದ್ದಿದ್ದವು. "ಇವೆರಡನ್ನ ಸೇರಿಸಿಬಿಡು. ಬೇರೇನೂ ಬೇಡ."

"ಕಂಬಿ ಎಲ್ಲಿ?"

"ಕಂಬಿ ಬರುತ್ತೆ. ಆರ್ಡರ್ ಕೊಟ್ಟಿದೀವಿ."

ಕೆಲಸ ಒಂದು ನಿಮಿಷದ್ದು. ಅವಳು ಇಕ್ಕಳ ತೆಗೆದುಕೊಂಡು, ಒಂದು ವೈರಿನ ಮೇಲಿನ ರಬ್ಬರು ಸುಲಿದಳು. ವಿದ್ಯೆ ಕಲಿತ ಮೇಲೆ ಮೊದಲ ಸಲ ಸಂಬಳದ ಕೆಲಸಕ್ಕೆ ಕೈ ಹಾಕಿದ್ದಳು. ಕೈಗೆ ಒಳಗೊಳಗೇ ಒಂದು ಹಿಗ್ಗು. ಎರಡನೆಯದನ್ನೂ ಸುಲಿದಳು. ತಲೆಯೆತ್ತಿದರೆ ವ್ಯಾನಿನಲ್ಲಿ ಬಂದ ಹುಡುಗಿಯರಿಬ್ಬರೂ ರೋಲರಿನ ಮುಂದೆ ಚಾದರದ ತುದಿಗಳನ್ನು ಹಿಡಿದು ಸಿದ್ಧವಾಗಿ ನಿಂತಿದ್ದರು. ಚಿಕ್ಕವಳು ನಿಂತಿದ್ದು ಚಿಕ್ಕಮ್ಮನ ಜಾಗದಲ್ಲಿ.

ಮಿಸ್ತ್ರಿ ಅವಳ ಬೆರಳುಗಳನ್ನು ನೋಡಿದಳು. ಇಕ್ಕಳವನ್ನು ಮೆಷಿನಿನ ಮೇಲಿಟ್ಟಳು.

"ನಾನು ಸೇರಿಸಲ್ಲ ಸಾರ್."

ಸೂಪರ್‌ವೈಸರ್ ರೇಗಲಿಲ್ಲ. ರೇಗಲು ಅವನಲ್ಲಿ ತ್ರಾಣವಿದ್ದಂತೆ ಕಾಣಲಿಲ್ಲ. "ಭತ್ಯೆ ಹೋಗುತ್ತೆ, ಗೊತ್ತಲ್ಲ?"

"ಗೊತ್ತು."

"ಹೊರಗಿರೋರ ಲೆಕ್ಕದಲ್ಲಿ ನೀನು ಆಗಲೇ ಒಳಗೆ ಬಂದವಳು. ಈಗ ಹೋದ್ರೂ ಅವರು ಆರತಿ ಎತ್ತಲ್ಲ. ಮಧ್ಯಾಹ್ನದೊಳಗೆ ಇನ್ನೊಬ್ಬ ಬಂದು ಸೇರಿಸ್ತಾನೆ. ನಿನಗೆ ಬಂದ ಭಾಗ್ಯವೇನು?"

ಮಿಸ್ತ್ರಿ ಅವನನ್ನು ದಾಟಿ ನಡೆದಳು. ಹುಡುಗಿಯರ ಹತ್ತಿರ ಹೋಗಿ, "ಕಂಬಿ ಇಲ್ಲದೆ ಇದಕ್ಕೆ ಕೈ ಕೊಡಬೇಡಿ, ಎಳ್ಕೊಂಡು ಬಿಡುತ್ತೆ" ಎಂದಳು. ದೊಡ್ಡವಳು ನೆಲ ನೋಡಿದಳು. ಚಿಕ್ಕವಳು ಮೆಲ್ಲಗೆ, "ನಮಗೂ ಭತ್ಯೆ ನಿಲ್ಲಿಸ್ತಾರಕ್ಕಾ" ಎಂದಳು. ಚಾದರದ ತುದಿಯನ್ನು ಮಾತ್ರ ಬಿಡಲಿಲ್ಲ.

ಅವಳು ಅಂಗಳ ದಾಟಿ ಗೇಟಿಗೆ ಬಂದಳು. ಕಾವಲುಗಾರ ಚಿಕ್ಕ ಬಾಗಿಲು ತೆರೆದು ಅವಳನ್ನು ಹೊರಗೆ ಬಿಟ್ಟ. ಕೂಗು ತಟ್ಟನೆ ನಿಂತಿತು. ಬಾಲ್ಯದಿಂದ ಕಂಡ ಮುಖಗಳು, ಗಲ್ಲ ಹಿಂಡಿದವರು, ಮಿಸ್ತ್ರಿ ಎಂದು ಕರೆದವರು. ಯಾರ ಬಾಯಿಂದಲೂ ಆ ಹೆಸರು ಬರಲಿಲ್ಲ.

"ಹೆತ್ತ ತಾಯಿ ಹೊರಗೆ, ಮಗಳು ಒಳಗೆ. ಚೆನ್ನಾಗಿದೆ," ಎಂದಳು ಮೈಕಕ್ಕ. ಕೂಗಿ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ವೈರು ಸೇರಿಸಿಲ್ಲ," ಎಂದಳು ಮಿಸ್ತ್ರಿ. ದನಿ ಅವಳಿಗೇ ಕೇಳಿಸುವಷ್ಟಿತ್ತು. "ಸುಲಿದೆ. ಸೇರಿಸಿಲ್ಲ."

ಚಿಕ್ಕಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ಆಗ ಅಮ್ಮ ಗುಂಪು ಸೀಳಿಕೊಂಡು ಬಂದು ಮಗಳ ಎದುರು ನಿಂತಳು. ಅಪ್ಪಿಕೊಳ್ಳಲೂ ಇಲ್ಲ, ಹೊಡೆಯಲೂ ಇಲ್ಲ. ಅವಳ ಎರಡೂ ಕೈ ನೋಡಿದಳು.

"ಡಬ್ಬಿ ಎಲ್ಲಿ?"

"ವ್ಯಾನಲ್ಲೇ ಉಳೀತು."

"ಹೊಸ ಡಬ್ಬಿ ಅದು."

"ಹೂಂ."

"ಮುಚ್ಚಳ ಬಿಗಿಯಾಗಿದ್ದದ್ದು ಅದೊಂದೇ ಕಣೇ," ಎಂದಳು ಅಮ್ಮ. ಹಿಂದೆ ಯಾರೋ ಕಿಸಕ್ಕೆಂದರು, ಇನ್ನೊಬ್ಬರು ಸೇರಿದರು. ಚಿಕ್ಕಮ್ಮ ಸರಿಯಿದ್ದ ಎಡಗೈಯಿಂದ ಚಾಪೆಯ ಮೇಲೆ ತಟ್ಟಿ, "ಬಾ, ಕೂತ್ಕೋ" ಎಂದಳು. ಮೈಕಕ್ಕ ಮಾತ್ರ ಮುಖ ತಿರುಗಿಸಿಕೊಂಡೇ ಇದ್ದಳು.

ಮಧ್ಯಾಹ್ನ ಇನ್ನೊಬ್ಬ ಬಂದು ವೈರು ಸೇರಿಸಿದ. ರೋಲರ್ ತಿರುಗಿದ ಸದ್ದು ಗೇಟಿನವರೆಗೂ ಕೇಳಿಸಿತು. ಆ ಸದ್ದು ಕೇಳುತ್ತಾ ಕೂತ ಹೆಂಗಸರಲ್ಲಿ ಒಬ್ಬರೂ ಆ ಸಂಜೆಯವರೆಗೆ ಘೋಷಣೆ ಕೂಗಲಿಲ್ಲ. ಒಳಗಿನಿಂದ ಕಿರುಚು ಕೇಳೀತೇ ಎಂದು ಎಲ್ಲರ ಕಿವಿಯೂ ಆ ಕಡೆಗೇ ಇತ್ತು. ಪುಣ್ಯಕ್ಕೆ ಏನೂ ಕೇಳಲಿಲ್ಲ.

ಆ ವಾರವೇ ಉದ್ಯೋಗ ಕಚೇರಿಯಿಂದ ಕರೆ ಬಂತು. ಮೇಡಂ ಅವಳನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. "ಮೆಷಿನ್ ಅಪಾಯಕಾರಿಯಾಗಿತ್ತು, ಅದಕ್ಕೇ ಬಿಟ್ಟೆ ಅಂತ ಹೇಳಿದ್ರೆ ನಾನು ಏನಾದ್ರೂ ಮಾಡಬಹುದು. ಅಮ್ಮನ ವಿಷಯ ಎತ್ತಬೇಡ. ಗೊತ್ತಾಯ್ತಾ? ಒಂದೇ ಪ್ರಶ್ನೆ. ಕಂಬಿ ಇದ್ದಿದ್ರೆ ಕೆಲಸ ಮಾಡ್ತಿದ್ಯಾ?"

ಹೂಂ ಎಂದರೆ ಮುಗಿಯುತ್ತಿತ್ತು. ವ್ಯಾನು ಹತ್ತಿದ್ದು ತಾನೇ. ಇಳಿಯುತ್ತೇನೆ ಎಂದದ್ದೂ ತಾನೇ. ರಬ್ಬರು ಸುಲಿಯುವಾಗ ಕೈಗೆ ಆದ ಹಿಗ್ಗನ್ನು ಅವಳಿನ್ನೂ ಮರೆತಿರಲಿಲ್ಲ.

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲ ಅಂತ ಬರೆಯೋಕಾಗಲ್ಲಮ್ಮ."

"ನಿಜವಾಗ್ಲೂ ಗೊತ್ತಿಲ್ಲ."

ಮೇಡಂ ನಿಟ್ಟುಸಿರಿಟ್ಟು ಏನೋ ಬರೆದರು. ಭತ್ಯೆ ನಿಂತಿತು. ಮೇಲಿನ ಕಚೇರಿಗೆ ಅರ್ಜಿ ಹಾಕಲು ಹೇಳಿಕೊಟ್ಟವರೂ ಅವರೇ. ಅರ್ಧ ಭತ್ಯೆ ಮಂಜೂರಾಗಿ ಉತ್ತರ ಬರುವ ಹೊತ್ತಿಗೆ ಅದರ ಅಗತ್ಯ ತೀರಿಹೋಗಿತ್ತು.

ಆಮೇಲಿನ ದಿನಗಳು ಕಷ್ಟದವು. ಹೊಟ್ಟೆ ಕಟ್ಟಿ ಬದುಕಿದರು. ಮಿಸ್ತ್ರಿ ಅಕ್ಕಪಕ್ಕದವರ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡಿದಳು. ಕೊಟ್ಟವರು ಕೊಟ್ಟರು, ಉಳಿದವರು ಆಮೇಲೆ ಎಂದರು. ಕೊನೆಗೆ ಆಸ್ಪತ್ರೆಗಳ ಒತ್ತಡಕ್ಕೆ ಲಾಂಡ್ರಿಯವರು ಮಣಿದರು, ಆದರೆ ಪೂರ್ತಿಯಾಗಿ ಅಲ್ಲ. ಕಂಬಿ ಬಂತು, ಸಂಬಳ ಏರಲಿಲ್ಲ. ಚಿಕ್ಕಮ್ಮನಿಗೆ ಒಂದೇ ಕೈಯಲ್ಲಿ ಮಾಡಬಹುದಾದ ಎಣಿಕೆಯ ಕೆಲಸ ಕೊಟ್ಟರು. ಮೈಕಕ್ಕನನ್ನು ಮಾತ್ರ ಒಳಗೆ ಸೇರಿಸಿಕೊಳ್ಳಲಿಲ್ಲ. ಮಿಸ್ತ್ರಿ ಅವಳ ಮನೆಗೆ ಹೋಗಿ ಮಾತನಾಡಿಸಲು ನೋಡಿದಳು. ಮೈಕಕ್ಕ ಕೂರಿಸಿದಳು, ಕುಡಿಯಲು ಕೊಟ್ಟಳು, ಮಾತು ಕೊಡಲಿಲ್ಲ. ಅಮ್ಮ ಮತ್ತೆ ರೋಲರಿನ ಮುಂದೆ ನಿಂತಳು. ಅವಳ ಎದುರು ತುದಿ ಹಿಡಿದದ್ದು ವ್ಯಾನಿನಲ್ಲಿ ಬಂದಿದ್ದ ಆ ಚಿಕ್ಕ ಹುಡುಗಿ. "ಕೈ ಚುರುಕು, ಬಾಯಿ ಇನ್ನೂ ಚುರುಕು" ಎಂದು ಅಮ್ಮ ಮನೆಯಲ್ಲಿ ಅವಳ ಬಗ್ಗೆ ದೂರುತ್ತಿದ್ದಳು. ಆ ದೂರಿನಲ್ಲಿ ಸಿಟ್ಟಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮಿಸ್ತ್ರಿಗೆ ಲಿಫ್ಟ್ ರಿಪೇರಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನವೇ ಹಳೆಯ ಕಟ್ಟಡವೊಂದರಲ್ಲಿ ಕೆಟ್ಟು ನಿಂತಿದ್ದ ಲಿಫ್ಟಿನ ಮೇಲೆ ಹತ್ತಿಸಿದರು. ಕತ್ತಲ ಗುಂಡಿಯಲ್ಲಿ ಎಣ್ಣೆಯ ವಾಸನೆ. ಬಿಳಿ ಮೀಸೆಯ ಹಿರಿಯ ಮೆಕ್ಯಾನಿಕ್ ಕೇಬಲ್ಲಿನ ಮೇಲೆ ಕೈಯಾಡಿಸುತ್ತಾ ಕೇಳಿದರು:

"ಇದೇ ಮೊದಲ ಕೆಲಸವೇನಮ್ಮ?"

"ಹೌದು... ಇದೇ ಅನ್ನಬಹುದು."

"ಅನ್ನಬಹುದು ಅಂದ್ರೇನು? ಒಂದೋ ಹೌದು, ಒಂದೋ ಅಲ್ಲ."

ಅವಳು ಹೇಳಲು ಬಾಯಿ ತೆರೆದಳು. ಕೈಯಲ್ಲಿದ್ದ ಟಾರ್ಚಿನ ಬೆಳಕು ಅವರ ಮುಖಕ್ಕೇ ಬಿದ್ದಿತ್ತು.

"ಹೋಗಲಿ ಬಿಡು," ಎಂದರು ಅವರು. "ಟಾರ್ಚು ಸ್ವಲ್ಪ ಕೆಳಗೆ ಹಿಡಿ. ನನ್ನ ಮುಖ ರಿಪೇರಿಯಾಗೋದು ಬೇಡ."